ಆಶ್ರಯದ ಹಕ್ಕು: ಬಲಿಪೀಠದಿಂದ ದೇಶದ ಗಡಿಯವರೆಗೆ

ನಿರಾಶ್ರಿತರ ಕುರಿತು ಮಾತನಾಡುವಾಗ ನಮ್ಮ ಪ್ರಬೋಧನೆಗಳು ಬಹುತೇಕ ಸಂತ ಮತ್ತಾಯನ ಶುಭಸಂದೇಶದ ಎರಡು ಪ್ರಸಂಗಗಳನ್ನು ಅವಲಂಬಿಸುತ್ತವೆ. ಹೆರೋದನಿಗೆ ಅಂಜಿ ಪವಿತ್ರ ಕುಟುಂಬವು ಈಜಿಪ್ಟಿಗೆ ಪಲಾಯನಗೈದುದು ಒಂದು. ಅಂತಿಮ ತೀರ್ಪಿನ ದಿನ ಪ್ರಭು ಯೇಸು ತಮ್ಮನ್ನು ಅಪರಿಚಿತನೊಡನೆ ಒಂದಾಗಿಸಿಕೊಂಡು ಮಾತನಾಡುವುದು ಇನ್ನೊಂದು. ಇವೆರಡೂ ವಿಶ್ವಾಸಿಯ ಹೃದಯವನ್ನು ಕರಗಿಸಬಲ್ಲವು. ಆದರೆ ಹೃದಯ ಕರಗಿದ ಮೇಲೆ ಏಳುವ ಪ್ರಶ್ನೆಗಳಿಗೆ ಅವು ನೇರವಾಗಿ ಉತ್ತರಿಸುವುದಿಲ್ಲ. ಯಾರನ್ನು ಒಳಗೆ ಬಿಡಬೇಕು? ಯಾರು ವಿಚಾರಿಸಬೇಕು? ಯಾರನ್ನು ಹಿಂದಿರುಗಿಸಬಹುದು? ಇವು ಆಡಳಿತಕ್ಕೆ ಸಂಬಂಧಿಸಿದ ಪ್ರಶ್ನೆಗಳು, ಧರ್ಮಸಭೆಯ ಕೆಲಸ ಕರುಣೆಯನ್ನು ಬೋಧಿಸುವುದಷ್ಟೇ ಎಂದು ಹೇಳುವವರು ನಮ್ಮಲ್ಲಿಯೂ ಇದ್ದಾರೆ.

ಇತಿಹಾಸವು ಈ ಮಾತನ್ನು ಸಮರ್ಥಿಸುವುದಿಲ್ಲ. ಸಾವಿರದೈನೂರು ವರ್ಷಗಳಿಗೂ ಹೆಚ್ಚು ಕಾಲ ಧರ್ಮಸಭೆಯು ಆಶ್ರಯದ ಬಗ್ಗೆ ಕರುಣೆಯನ್ನು ಮಾತ್ರವಲ್ಲ, ಕಾನೂನನ್ನೂ ಹೊಂದಿತ್ತು. ಆ ಕಾನೂನಿನ ಏಳುಬೀಳುಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಿಯಮವಾಗಿ ರೂಪುಗೊಳ್ಳದ ಕರುಣೆಯು ತನಗೆ ಇಷ್ಟವಾದವರನ್ನು ಆರಿಸಿಕೊಳ್ಳುತ್ತದೆ. ಪಕ್ಷಪಾತವಿಲ್ಲದ ಕರುಣೆಗೆ ನ್ಯಾಯದ ಚೌಕಟ್ಟು ಬೇಕು. ಈ ಲೇಖನದಲ್ಲಿ ನಾವು ಆ ಇತಿಹಾಸದ ಕೆಲವು ಘಟ್ಟಗಳನ್ನು ಪರಿಶೀಲಿಸಿ, ನಮ್ಮ ನಾಡಿನ ಇಂದಿನ ಪರಿಸ್ಥಿತಿಗೆ ಅದರಿಂದ ಯಾವ ಬೆಳಕು ದೊರೆಯುತ್ತದೆ ಎಂಬುದನ್ನು ವಿಚಾರಿಸುತ್ತೇವೆ.

ಹಳೆಯ ಒಡಂಬಡಿಕೆಯ ಮೂರು ನಿಯಮಗಳು

ಆಶ್ರಯದ ಕಾನೂನಿಗೆ ಬೈಬಲಿನಲ್ಲಿ ದೊರೆಯುವ ಮೊದಲ ಸ್ಪಷ್ಟ ರೂಪವೆಂದರೆ ಆಶ್ರಯ ನಗರಗಳ ವ್ಯವಸ್ಥೆ. ಸಂಖ್ಯಾಕಾಂಡದ 35ನೆಯ ಅಧ್ಯಾಯ, ಧರ್ಮೋಪದೇಶಕಾಂಡದ 19ನೆಯ ಅಧ್ಯಾಯ ಮತ್ತು ಯೆಹೋಶುವನ ಗ್ರಂಥದ 20ನೆಯ ಅಧ್ಯಾಯಗಳು ಇದನ್ನು ವಿವರಿಸುತ್ತವೆ. ಯೊರ್ದಾನಿನ ಈಚೆಗೆ ಮೂರು, ಆಚೆಗೆ ಮೂರು, ಒಟ್ಟು ಆರು ನಗರಗಳು. ಉದ್ದೇಶವಿಲ್ಲದೆ ಒಬ್ಬನ ಸಾವಿಗೆ ಕಾರಣನಾದವನು ಸೇಡು ತೀರಿಸಿಕೊಳ್ಳುವವನ ಕೈಯಿಂದ ತಪ್ಪಿಸಿಕೊಂಡು ಅಲ್ಲಿಗೆ ಓಡಿಹೋಗಬಹುದಾಗಿತ್ತು. ಈ ನಿಯಮವು ಇಂದಿನ ಅರ್ಥದ ನಿರಾಶ್ರಿತರಿಗಾಗಿ ರಚಿತವಾದುದಲ್ಲ ಎಂಬುದು ನಿಜ. ಆದರೂ ಆಶ್ರಯ ಕೊಡುವುದೆಂದರೇನು ಎಂಬುದರ ಮೂಲ ವಿನ್ಯಾಸ ಇಲ್ಲಿದೆ.

ಯೆಹೋಶುವನ ಗ್ರಂಥದ ವಿವರಣೆಯಲ್ಲಿ ಒಂದು ಕ್ರಮವಿದೆ. ಓಡಿಬಂದವನು ನಗರದ ಬಾಗಿಲಲ್ಲಿ ನಿಂತು ತನ್ನ ವೃತ್ತಾಂತವನ್ನು ಹಿರಿಯರಿಗೆ ತಿಳಿಸುತ್ತಾನೆ. ಅವರು ಅವನನ್ನು ಒಳಗೆ ಸೇರಿಸಿಕೊಂಡು ವಾಸಕ್ಕೆ ಸ್ಥಳ ಕೊಡುತ್ತಾರೆ. ಪೂರ್ಣ ವಿಚಾರಣೆ ನಡೆಯುವುದು ಆಮೇಲೆ, ಸಭೆಯ ಮುಂದೆ. ವಿಚಾರಣೆ ಮುಗಿಯುವ ಮುನ್ನ ಬೆನ್ನಟ್ಟಿ ಬಂದವನ ಕೈಗೆ ಅವನನ್ನು ಒಪ್ಪಿಸುವಂತಿಲ್ಲ. ಉದ್ದೇಶಪೂರ್ವಕ ಕೊಲೆಗಾರನಿಗಾದರೋ ಈ ರಕ್ಷೆ ಇಲ್ಲ. ಅಂಥವನನ್ನು ಬಲಿಪೀಠದಿಂದಲೇ ಎಳೆದೊಯ್ಯಬಹುದೆಂದು ವಿಮೋಚನಾಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ಹೀಗೆ ಆಶ್ರಯವು ವಿಚಾರಣೆಯನ್ನು ತಪ್ಪಿಸುವ ಉಪಾಯವಲ್ಲ, ನ್ಯಾಯವಾದ ವಿಚಾರಣೆಯನ್ನು ಸಾಧ್ಯವಾಗಿಸುವ ವ್ಯವಸ್ಥೆ. ಇದು ಮೊದಲನೆಯ ನಿಯಮ.

ಎರಡನೆಯದು ಸಂಖ್ಯಾಕಾಂಡ 35:15ರಲ್ಲಿದೆ. ಈ ಆರು ನಗರಗಳು ಇಸ್ರಯೇಲರಿಗೆ ಮಾತ್ರವಲ್ಲ, ಅವರ ನಡುವೆ ನೆಲಸಿರುವ ಅನ್ಯದೇಶೀಯರಿಗೂ ಪ್ರವಾಸಿಗಳಿಗೂ ಸಮಾನವಾಗಿ ತೆರೆದಿರಬೇಕು. ಸ್ವಕುಲದವರಿಗೆ ಒಂದು ಬಾಗಿಲು, ಪರಕೀಯರಿಗೆ ಮತ್ತೊಂದು ಎಂಬ ಭೇದಕ್ಕೆ ಅಲ್ಲಿ ಅವಕಾಶವಿಲ್ಲ.

ಮೂರನೆಯದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿದೆ. ಯಜಮಾನನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನು ಆ ಯಜಮಾನನಿಗೆ ಒಪ್ಪಿಸಕೂಡದು. ತಾನು ಆರಿಸಿಕೊಂಡ ಊರಿನಲ್ಲಿ ಅವನು ಬಾಳಲಿ, ಯಾರೂ ಅವನನ್ನು ಪೀಡಿಸಬಾರದು. ಈ ವಿಧಿಯ ಮಹತ್ವ ಅರಿವಾಗಬೇಕಾದರೆ ಹಮ್ಮುರಾಬಿಯ ಶಾಸನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಓಡಿಬಂದ ಗುಲಾಮನನ್ನು ಮನೆಯಲ್ಲಿ ಅಡಗಿಸಿಟ್ಟವನಿಗೆ ಆ ಶಾಸನ ಮರಣದಂಡನೆಯನ್ನು ವಿಧಿಸುತ್ತಿತ್ತು.

ಮೊದಲು ಒಳಗೆ ಸೇರಿಸಿಕೊಂಡು ಬಳಿಕ ವಿಚಾರಿಸುವುದು, ಸ್ವದೇಶಿಗೂ ಪರದೇಶಿಗೂ ಒಂದೇ ನಿಯಮ, ಅಪಾಯದ ಕೈಗೆ ಮರಳಿ ಒಪ್ಪಿಸದಿರುವುದು. ಮುಂದಿನ ಇತಿಹಾಸವನ್ನು ನಾವು ಈ ಮೂರು ನಿಯಮಗಳಿಂದ ಅಳೆಯಬಹುದು.

ಬಲಿಪೀಠದ ಆಶ್ರಯ

ನಾಲ್ಕನೆಯ ಶತಮಾನದಲ್ಲಿ ಧರ್ಮಸಭೆಗೆ ರೋಮ್ ಸಾಮ್ರಾಜ್ಯದಲ್ಲಿ ಬಹಿರಂಗ ಸ್ಥಾನ ದೊರೆತ ಮೇಲೆ, ಸಂಕಟಕ್ಕೆ ಸಿಲುಕಿದವರು ದೇವಾಲಯಗಳಿಗೆ ಓಡಿಬರತೊಡಗಿದರು. ಸಾಲಗಾರರು, ಗುಲಾಮರು, ರಾಜಕೋಪಕ್ಕೆ ತುತ್ತಾದ ಅಧಿಕಾರಿಗಳು, ಎಲ್ಲ ಬಗೆಯವರೂ ಅವರಲ್ಲಿದ್ದರು. ಅನ್ಯಾಯಕ್ಕೆ ಒಳಗಾಗಿ ಧರ್ಮಸಭೆಯ ಮೊರೆಹೊಕ್ಕವರಿಗೆ ಧರ್ಮಾಧ್ಯಕ್ಷರು ನೆರವು ನಿರಾಕರಿಸಬಾರದೆಂದು 343ರ ಸುಮಾರಿಗೆ ಸೇರಿದ ಸಾರ್ದಿಕಾ ಸಭೆಯು ತೀರ್ಮಾನಿಸಿತು.

ಈ ಪದ್ಧತಿ ರಾಜಾಧಿಕಾರಕ್ಕೆ ಹಿಡಿಸಲಿಲ್ಲ. ಚಕ್ರವರ್ತಿ ಅರ್ಕಾದಿಯುಸನ ಆಸ್ಥಾನದಲ್ಲಿ ಸರ್ವಶಕ್ತನಾಗಿದ್ದ ಯುತ್ರೋಪಿಯುಸನು 398ರಲ್ಲಿ ದೇವಾಲಯದ ಆಶ್ರಯವನ್ನು ಮೊಟಕುಗೊಳಿಸುವ ಕಾನೂನು ಹೊರಡುವಂತೆ ಮಾಡಿದನು. ಮರುವರ್ಷವೇ ಅವನು ಪದಚ್ಯುತನಾಗಿ, ಪ್ರಾಣಭಯದಿಂದ ಕಾನ್‌ಸ್ಟಾಂಟಿನೋಪಲಿನ ಮಹಾದೇವಾಲಯಕ್ಕೆ ಓಡಿಬಂದು ಬಲಿಪೀಠವನ್ನು ಅಪ್ಪಿಕೊಂಡನು. ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಸಂತ ಯೋವಾನ್ನ ಕ್ರಿಸೊಸ್ತೊಮರು ಸೈನಿಕರಿಗೆ ಅವನನ್ನು ಬಿಟ್ಟುಕೊಡಲಿಲ್ಲ. ಅವನು ಬಲಿಪೀಠದ ಬಳಿ ನಡುಗುತ್ತಿರುವಾಗಲೇ ಅವರು ನೆರೆದ ಜನರಿಗೆ ಬೋಧನೆ ಮಾಡಿದರು. ಧರ್ಮಸಭೆಯ ಮೇಲೆ ಯುದ್ಧ ಹೂಡಿದವನಿಗೆ ಧರ್ಮಸಭೆಯೇ ಮಡಿಲಾಯಿತೆಂದು ತೋರಿಸಿಕೊಟ್ಟು, ಅವನನ್ನು ಕ್ಷಮಿಸುವಂತೆ ಚಕ್ರವರ್ತಿಯನ್ನು ಬೇಡಲು ಜನರನ್ನು ಒಡಂಬಡಿಸಿದರು. ಕೊನೆಗೆ ಅವನು ಸೈಪ್ರಸಿಗೆ ಗಡೀಪಾರಾಗಿ, ಆಮೇಲೆ ಮರಣದಂಡನೆಗೆ ಗುರಿಯಾದನು. ಆಶ್ರಯಕ್ಕೆ ಅರ್ಹತೆ ಬೇಕಾಗಿರುವುದು ಆಪತ್ತು ಮಾತ್ರ, ಸ್ನೇಹವಲ್ಲ ಎಂಬ ತತ್ತ್ವವಾದರೋ ಅಂದು ಪೀಠದಿಂದ ಘೋಷಿತವಾಯಿತು.

431ರಲ್ಲಿ ಎರಡನೆಯ ಥಿಯೊದೋಸಿಯುಸ್ ಚಕ್ರವರ್ತಿಯು ಆಶ್ರಯದ ಎಲ್ಲೆಯನ್ನು ಬಲಿಪೀಠದಿಂದ ದೇವಾಲಯದ ಹೊರ ಆವರಣದವರೆಗೆ ವಿಸ್ತರಿಸಿದನು. ಅಂಗಳ, ತೋಟ, ಸ್ನಾನಗೃಹ, ವಸತಿಯ ಕೊಠಡಿಗಳೆಲ್ಲ ಅದರೊಳಗೆ ಬಂದವು. ಆಯುಧಗಳನ್ನು ಮಾತ್ರ ಹೊರಗೇ ಬಿಡಬೇಕಾಗಿತ್ತು. ಆಶ್ರಯ ಪಡೆದವನಿಗೆ ಮಲಗಲು, ಉಣ್ಣಲು, ಮೀಯಲು ಸ್ಥಳ ಬೇಕೆಂಬ ಸಾಮಾನ್ಯ ವಿವೇಕ ಈ ಕಾನೂನಿನಲ್ಲಿದೆ.

ಆದರೆ ಅದೇ ಸಂಹಿತೆಯ ಅದೇ ಅಧ್ಯಾಯದಲ್ಲಿ ಬೇರೆ ಕಟ್ಟಳೆಗಳೂ ಇವೆ. ಸಾಲ ಅಥವಾ ಆಪಾದನೆಯಿಂದ ತಪ್ಪಿಸಿಕೊಳ್ಳಲು ಕ್ರೈಸ್ತರಾಗುವ ನಟನೆ ಮಾಡುತ್ತಾರೆಂಬ ಕಾರಣ ನೀಡಿ, ಅಂಥ ಯೆಹೂದ್ಯರನ್ನು ದೇವಾಲಯಗಳಿಂದ ಹೊರಗಟ್ಟಬೇಕೆಂದು 397ರ ಕಾನೂನು ಹೇಳಿತು. ಓಡಿಬಂದ ಗುಲಾಮನನ್ನು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ, ಕ್ಷಮೆಯ ಭರವಸೆ ಪಡೆದು ಯಜಮಾನನಿಗೆ ಒಪ್ಪಿಸಬೇಕೆಂದು 432ರ ಕಾನೂನು ವಿಧಿಸಿತು. ಧರ್ಮೋಪದೇಶಕಾಂಡದ ವಿಧಿಗೆ ಇದು ನೇರ ವಿರುದ್ಧವಾದುದು. ಪದಚ್ಯುತ ಮಂತ್ರಿಗೆ ದೊರೆತ ರಕ್ಷೆ ಗುಲಾಮನಿಗೆ ದೊರೆಯಲಿಲ್ಲ. ಸಂತ ಕ್ರಿಸೊಸ್ತೊಮರ ಧೈರ್ಯವನ್ನು ಕೊಂಡಾಡುವ ನಾವು ಈ ಕಟ್ಟಳೆಗಳನ್ನೂ ಓದಬೇಕು.

ಬರಗಾಲದಲ್ಲಿ ಸಂತ ಅಂಬ್ರೋಸರ ವಾದ

ಬಲಿಪೀಠದ ಆಶ್ರಯ ಒಬ್ಬೊಬ್ಬ ವ್ಯಕ್ತಿಗೆ ಸಂಬಂಧಿಸಿದ್ದು. ಗುಂಪುಗುಂಪಾಗಿ ಬಂದ ಪರಸ್ಥಳದವರ ಬಗ್ಗೆ ಪಿತೃಗಳ ನಿಲುವೇನಾಗಿತ್ತು? ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಕರ್ತವ್ಯಗಳ ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದಕ್ಕೆ ಉತ್ತರವಿದೆ.

ರೋಮ್ ನಗರವು ಬರಗಾಲಕ್ಕೆ ತುತ್ತಾದಾಗ ಪರಸ್ಥಳದವರನ್ನು ಹೊರಹಾಕಬೇಕೆಂಬ ಕೂಗೆದ್ದಿತು. ಆಗ ನಗರದ ಅಧಿಪತಿಯಾಗಿದ್ದ ಒಬ್ಬ ವೃದ್ಧನು ಶ್ರೀಮಂತರನ್ನು ಕರೆಸಿ ಎರಡು ಬಗೆಯಲ್ಲಿ ವಾದಿಸಿದನೆಂದು ಸಂತ ಅಂಬ್ರೋಸರು ತಿಳಿಸುತ್ತಾರೆ. ಹಸಿದವರನ್ನು ಸಾವಿನ ಬಾಯಿಗೆ ಅಟ್ಟುವುದು ಕ್ರೌರ್ಯ ಎಂಬುದು ಒಂದು. ನಮಗೆ ಅನ್ನ ಬೆಳೆದುಕೊಡುವ ಇಷ್ಟೊಂದು ಕೃಷಿಕರನ್ನು ಕಳೆದುಕೊಂಡರೆ ನಷ್ಟ ನಮಗೇ. ಅವರಿಗೆ ಊಟ ಹಾಕುವುದಕ್ಕಿಂತ ಅವರ ಜಾಗಕ್ಕೆ ಬೇರೆಯವರನ್ನು ತರುವುದೇ ದುಬಾರಿ ಎಂಬುದು ಮತ್ತೊಂದು. ಅವನು ಹಣ ಕೂಡಿಸಿ ಧಾನ್ಯ ಕೊಂಡು ನಗರವನ್ನೂ ಪರಸ್ಥಳದವರನ್ನೂ ಉಳಿಸಿದನು. ತಮ್ಮ ಕಾಲದಲ್ಲಿ ನಡೆದ ಮತ್ತೊಂದು ಬರಗಾಲದಲ್ಲಾದರೋ, ಬಾಳಿನ ಬಹುಭಾಗವನ್ನು ಅಲ್ಲೇ ಕಳೆದವರು ಮಕ್ಕಳೊಡನೆ ಅಳುತ್ತ ನಗರ ಬಿಟ್ಟು ಹೋಗಬೇಕಾಯಿತೆಂದು ಸಂತರು ವಿಷಾದಿಸುತ್ತಾರೆ. ಅದೇ ಉಚ್ಚಾಟನೆಯ ಸಂದರ್ಭದಲ್ಲಿ ಮೂರು ಸಾವಿರ ನರ್ತಕಿಯರನ್ನು ಮಾತ್ರ ನಗರದಲ್ಲೇ ಉಳಿಸಿಕೊಂಡರೆಂದು ಕ್ರೈಸ್ತನಲ್ಲದ ಇತಿಹಾಸಕಾರ ಅಮ್ಮಿಯಾನುಸನೂ ವ್ಯಂಗ್ಯವಾಗಿ ದಾಖಲಿಸಿದ್ದಾನೆ.

ಸಂತ ಅಂಬ್ರೋಸರು ಸಂಪನ್ಮೂಲದ ಪ್ರಶ್ನೆಯನ್ನು ಅಲ್ಲಗಳೆಯಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಧಾನ್ಯ ಸಾಲದೆಂಬುದು ಸತ್ಯವಾಗಿತ್ತು. ಆದರೆ ಕೊರತೆಯ ಭಾರವನ್ನು ಯಾರು ಹೊರಬೇಕು ಎಂದು ಅವರು ಕೇಳಿದರು. ಅತಿ ದುರ್ಬಲನ ಮೇಲೆ ಅದನ್ನು ಹೇರುವ ಬದಲು ಉಳ್ಳವರು ಹಂಚಿಕೊಳ್ಳಬೇಕು ಎಂಬುದು ಅವರ ತೀರ್ಮಾನ. ನಿರಾಶ್ರಿತರ ನೀತಿಯ ಬಗ್ಗೆ ಪಿತೃಗಳ ಬರಹಗಳಲ್ಲಿ ಇದಕ್ಕಿಂತ ನೇರವಾದ ಪಾಠ ಸಿಗುವುದು ಅಪರೂಪ.

ದೇವಾಲಯದ ಹಕ್ಕು ಅಳಿದು, ಜನಾಂಗಗಳ ಕಾನೂನು ಮೂಡಿದ ಬಗೆ

ರಾಜ್ಯಗಳು ಬಲಗೊಂಡಂತೆ ದೇವಾಲಯದ ಆಶ್ರಯ ಕುಗ್ಗಿತು. 1591ರಲ್ಲಿ ಜಗದ್ಗುರು ಹದಿನಾಲ್ಕನೆಯ ಗ್ರೆಗೊರಿಯವರೇ ಘೋರ ಅಪರಾಧಿಗಳಿಗೆ ಅದು ಅನ್ವಯಿಸದಂತೆ ಮಿತಿ ಹಾಕಿದರು. ಇಂಗ್ಲೆಂಡಿನಲ್ಲಿ ಅರಸ ಒಂದನೆಯ ಜೇಮ್ಸನ ಕಾಲದಲ್ಲಿ ಅದು ರದ್ದಾಯಿತು. 1917ರ ಧರ್ಮಸಭಾ ಕಾನೂನು ಸಂಹಿತೆಯ 1179ನೆಯ ವಿಧಿಯಲ್ಲಿ ಅದರ ನೆನಪು ಉಳಿದಿತ್ತು; 1983ರ ಸಂಹಿತೆಯಲ್ಲಿ ಅದೂ ಕಾಣುವುದಿಲ್ಲ. ಬಾಗಿಲು ತೆರೆಯುವ ಅಧಿಕಾರವು ದೇವಾಲಯದಿಂದ ರಾಜ್ಯಕ್ಕೆ ಸಂಪೂರ್ಣವಾಗಿ ವರ್ಗವಾಯಿತು.

ರಾಜ್ಯಗಳು ಆ ಅಧಿಕಾರವನ್ನು ಹೇಗೆ ಬಳಸಿದವು ಎಂಬುದಕ್ಕೆ 1938ರ ಜುಲೈ ತಿಂಗಳು ಸಾಕ್ಷಿ. ನಾತ್ಸಿ ಆಳ್ವಿಕೆಯಿಂದ ಪಾರಾಗಲು ಹವಣಿಸುತ್ತಿದ್ದ ಯೆಹೂದ್ಯರ ವಿಷಯವನ್ನು ಚರ್ಚಿಸಲು ಫ್ರಾನ್ಸಿನ ಎವಿಯಾನ್ ಪಟ್ಟಣದಲ್ಲಿ 32 ರಾಷ್ಟ್ರಗಳು ಸೇರಿದವು. ಅವುಗಳಲ್ಲಿ ಬಹುಪಾಲು ಕ್ರೈಸ್ತರೇ ಅಧಿಕವಾಗಿದ್ದ ರಾಷ್ಟ್ರಗಳು. ಪ್ರತಿನಿಧಿಗಳು ಒಬ್ಬರ ಹಿಂದೊಬ್ಬರಂತೆ ಸಹಾನುಭೂತಿ ಸೂಚಿಸಿ, ತಮ್ಮಲ್ಲಿ ಸ್ಥಳವಿಲ್ಲವೆಂದರು. ದೊಡ್ಡ ಸಂಖ್ಯೆಯಲ್ಲಿ ಸ್ವೀಕರಿಸಲು ಮುಂದೆ ಬಂದದ್ದು ಡೊಮಿನಿಕನ್ ಗಣರಾಜ್ಯವೊಂದೇ. ಮರುವರ್ಷ ಸೇಂಟ್ ಲೂಯಿಸ್ ಹಡಗು 937 ಪ್ರಯಾಣಿಕರನ್ನು ಹೊತ್ತು ಕ್ಯೂಬಾ ತಲಪಿತು. ಕೆಲವರನ್ನು ಬಿಟ್ಟರೆ ಉಳಿದವರಿಗೆ ಇಳಿಯಲು ಅನುಮತಿ ಸಿಗಲಿಲ್ಲ, ಅಮೆರಿಕವೂ ಸ್ವೀಕರಿಸಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಮಂದಿ ಮುಂದೆ ಮಹಾಹತ್ಯಾಕಾಂಡದಲ್ಲಿ ಮಡಿದರು. ಎವಿಯಾನಿನಲ್ಲಿ ಸಹಾನುಭೂತಿಯ ಮಾತಿಗೆ ಕೊರತೆಯಿರಲಿಲ್ಲ, ಕಟ್ಟುಪಾಡಿನ ಕಾನೂನು ಇರಲಿಲ್ಲ.

ಆ ಕಾನೂನು ಬಂದದ್ದು ಯುದ್ಧದ ನಂತರ. 1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಸ್ಥಾನಮಾನದ ಒಪ್ಪಂದ ಅಂಗೀಕೃತವಾಯಿತು. ಅದನ್ನು ರೂಪಿಸಿದ ಸಮ್ಮೇಳನದಲ್ಲಿ ಪವಿತ್ರ ಪೀಠದ ಪ್ರತಿನಿಧಿಗಳೂ ಇದ್ದರು. 1956ರಲ್ಲಿ ಪವಿತ್ರ ಪೀಠವು ಅದನ್ನು ಸ್ಥಿರೀಕರಿಸಿತು. ಅದರ 3ನೆಯ ವಿಧಿಯು ಜನಾಂಗ, ಧರ್ಮ, ಮೂಲದೇಶಗಳ ಆಧಾರದಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಅಪಾಯದಿಂದ ನೇರವಾಗಿ ಪಾರಾಗಿ ಬಂದು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವನನ್ನು, ಪರವಾನಗಿಯಿಲ್ಲದೆ ಬಂದನೆಂಬ ಕಾರಣಕ್ಕೆ ದಂಡಿಸಬಾರದೆಂದು 31ನೆಯ ವಿಧಿ ಹೇಳುತ್ತದೆ. ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ಸ್ಥಳಕ್ಕೆ ಮರಳಿ ಕಳುಹಿಸಬಾರದೆಂಬುದು 33ನೆಯ ವಿಧಿ. ಘೋರ ಅಪರಾಧಿಗಳಿಗೆ ಮಾತ್ರ ಒಪ್ಪಂದದ ರಕ್ಷೆ ಇಲ್ಲ. ಇವನ್ನು ಹಳೆಯ ಒಡಂಬಡಿಕೆಯಿಂದ ನೇರವಾಗಿ ಎತ್ತಿಕೊಂಡದ್ದೆಂದು ನಾವು ಹೇಳಲಾರೆವು. ಆದರೂ ಆ ಮೂರು ನಿಯಮಗಳು ಇಲ್ಲಿ ಮತ್ತೆ ಒಂದೆಡೆ ಸೇರಿರುವುದನ್ನು ಕಾಣದಿರುವುದು ಅಸಾಧ್ಯ. ಈ ಒಪ್ಪಂದಕ್ಕೆ ಆರಂಭದಲ್ಲಿದ್ದ ಕಾಲದ ಮಿತಿಯನ್ನು 1967ರ ಪೂರಕ ಒಪ್ಪಂದ ತೆಗೆದುಹಾಕಿತು.

ಧರ್ಮಸಭೆಯ ಬೋಧನೆಯೂ ಇದೇ ಅವಧಿಯಲ್ಲಿ ಬೆಳೆಯಿತು. 1952ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ತಮ್ಮ 'ಎಕ್ಸುಲ್ ಫಮೀಲಿಯಾ' ಪತ್ರದಲ್ಲಿ ದೇಶಭ್ರಷ್ಟ ನಜರೇತಿನ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮಾದರಿಯಾಗಿ ಎತ್ತಿಹಿಡಿದರು. 1963ರಲ್ಲಿ ಇಪ್ಪತ್ತಮೂರನೆಯ ಯೋವಾನ್ನರು 'ಪಾಚೆಮ್ ಇನ್ ತೆರ್ರಿಸ್' ವಿಶ್ವಪತ್ರದಲ್ಲಿ, ದೇಶ ಕಳೆದುಕೊಂಡರೂ ನಿರಾಶ್ರಿತನ ಮಾನವ ಹಕ್ಕುಗಳು ಕಳೆದುಹೋಗುವುದಿಲ್ಲವೆಂದು ಬೋಧಿಸಿದರು. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಹೊರಟವರ ಯಾತನೆಯಿಂದ ಮನನೊಂದು ಯೇಸುಸಭೆಯ ಮಹಾಶ್ರೇಷ್ಠರಾಗಿದ್ದ ಪೆದ್ರೊ ಅರೂಪೆಯವರು 1980ರ ನವೆಂಬರಿನಲ್ಲಿ ಯೇಸುಸಭಾ ನಿರಾಶ್ರಿತರ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2241ನೆಯ ಪರಿಚ್ಛೇದವು ಎರಡು ಬದಿಯನ್ನೂ ಸಮತೋಲನದಿಂದ ಹೇಳುತ್ತದೆ. ಸಿರಿವಂತ ರಾಷ್ಟ್ರಗಳು ತಮ್ಮ ಶಕ್ತಿಯಿರುವಷ್ಟೂ ಪರದೇಶಿಯನ್ನು ಸ್ವೀಕರಿಸಬೇಕು. ಸರ್ಕಾರವು ಸಾರ್ವಜನಿಕ ಹಿತಕ್ಕಾಗಿ ಕಾನೂನಿನ ಷರತ್ತುಗಳನ್ನು ಹಾಕಬಹುದು. ಬಂದವನು ಆಶ್ರಯ ಕೊಟ್ಟ ನಾಡಿನ ಪರಂಪರೆಯನ್ನು ಗೌರವಿಸಿ ಅದರ ಹೊರೆಯಲ್ಲಿ ಪಾಲುಗೊಳ್ಳಬೇಕು. ಆದುದರಿಂದ ಗಡಿಯೇ ಬೇಡವೆಂಬುದು ಕಥೋಲಿಕ ಬೋಧನೆಯಲ್ಲ. ಗಡಿಯಲ್ಲಿ ನ್ಯಾಯವಿರಬೇಕು ಎಂಬುದು ಅದರ ಸಾರ.

ನಮ್ಮ ನಾಡಿನ ನೆನಪು ಮತ್ತು ಹೊಣೆ

ಈ ಇತಿಹಾಸ ನಮಗೆ ದೂರದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಗೋವೆಯ ಹಿಂದೂ ಸಾರಸ್ವತ ಕುಟುಂಬಗಳು ತಮ್ಮ ದೇವರ ಮೂರ್ತಿಗಳನ್ನು ಕಾಪಾಡಿಕೊಳ್ಳಲು ಕರಾವಳಿಯ ಹಾದಿ ಹಿಡಿದು ತೆಂಕಣಕ್ಕೆ ಬಂದವು. ಅವರನ್ನು ಹೊರಡಿಸಿದ್ದು ನಮ್ಮ ಧರ್ಮದ ಹೆಸರು ಹೇಳಿಕೊಂಡ ಆಳ್ವಿಕೆ. ಅದೇ ಹಾದಿಯಲ್ಲಿ ಬರಗಾಲ, ತೆರಿಗೆ, ಯುದ್ಧ ಹಾಗೂ ಇನ್‌ಕ್ವಿಸಿಷನ್ನಿನ ಭಯದಿಂದ ಕೊಂಕಣಿ ಕಥೋಲಿಕರೂ ಬಂದರು. ಕೆಳದಿಯ ಅರಸರ ಸೀಮೆಯಲ್ಲಿ ಅವರು ಭೂಮಿ ಪಡೆದು ಕೃಷಿ ಮಾಡಿದರು. ರೋಮಿನ ವೃದ್ಧ ಅಧಿಪತಿಯ ವಾದ ಇಲ್ಲಿ ಸಾಕ್ಷಾತ್ಕಾರಗೊಂಡಿತೆನ್ನಬಹುದು. ಅವರ ವಂಶಜರೇ 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು; ಬದುಕುಳಿದವರು 1799ರ ಬಳಿಕ ಮರಳಿ ಬಂದು ಪಾಳುಬಿದ್ದ ದೇವಾಲಯಗಳನ್ನು ಕಟ್ಟಿದರು. ಕರಾವಳಿಯ ಕಥೋಲಿಕ ಸಮಾಜವು ಅನ್ಯಧರ್ಮೀಯ ಅರಸರ ಆಶ್ರಯದಲ್ಲಿ ಬೇರೂರಿದ ಸಮಾಜ.

ಸ್ವಾತಂತ್ರ್ಯದ ನಂತರವೂ ಈ ನಾಡು ಬಾಗಿಲು ತೆರೆದಿತ್ತು. ಅಂದಿನ ಮೈಸೂರು ರಾಜ್ಯವು 1960ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿ ನೀಡಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ಅವರ ವಸತಿ ಆರಂಭವಾಯಿತು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದವು. 1971ರಲ್ಲಿ ಭಾರತವು ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನರಿಗೆ ತಾತ್ಕಾಲಿಕ ಆಶ್ರಯ ಕೊಟ್ಟಿತು. ಇದು ಹೆಮ್ಮೆಪಡಬೇಕಾದ ದಾಖಲೆ.

ಆದರೆ ಈ ಔದಾರ್ಯ ಕಾನೂನಾಗಲಿಲ್ಲ. ಭಾರತವು 1951ರ ಒಪ್ಪಂದಕ್ಕಾಗಲಿ 1967ರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ರಚಿತವಾದ ಕಾನೂನು ನಮ್ಮಲ್ಲಿಲ್ಲ. ಚಕ್ಮಾ ಜನರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆ ನಾಗರಿಕರಲ್ಲದವರಿಗೂ ಸಲ್ಲುತ್ತದೆ ಎಂದು ಹೇಳಿತು. ಅದೊಂದು ಅಮೂಲ್ಯ ತೀರ್ಪು. ಆದರೂ ಯಾವ ಗುಂಪಿಗೆ ಯಾವ ಸ್ಥಾನ ಎಂಬುದು ಆಯಾ ಕಾಲದ ಸರ್ಕಾರದ ಇಚ್ಛೆಗೆ ಬಿಟ್ಟದ್ದಾಗಿದೆ. ಟಿಬೆಟನ್ನರಿಗೆ ಭೂಮಿ ದೊರೆಯಿತು. ಶ್ರೀಲಂಕಾದ ತಮಿಳರು 1983ರಿಂದೀಚೆಗೆ ತಮಿಳುನಾಡಿನ ಶಿಬಿರಗಳಲ್ಲಿ ತಲೆಮಾರುಗಳನ್ನೇ ಕಳೆದರು. ಮಯನ್ಮಾರಿನ ರೋಹಿಂಗ್ಯರನ್ನು ಸರ್ಕಾರವು ನಿರಾಶ್ರಿತರೆಂದಲ್ಲ, ಅಕ್ರಮ ವಲಸಿಗರೆಂದೇ ಪರಿಗಣಿಸಿದೆ.

ಇಲ್ಲಿ ಕ್ರೈಸ್ತರಾದ ನಮಗೆ ವಿಶೇಷವಾದ ಪರೀಕ್ಷೆಯೊಂದಿದೆ. 2019ರ ಪೌರತ್ವ ತಿದ್ದುಪಡಿ ಕಾಯಿದೆಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ಪೌರತ್ವದ ದಾರಿ ತೆರೆಯಿತು. ಆ ಆರರಲ್ಲಿ ಕ್ರೈಸ್ತರೂ ಇದ್ದಾರೆ. ಆ ದೇಶಗಳಲ್ಲಿ ನಿಜವಾಗಿ ಹಿಂಸೆಗೊಳಗಾದವರಿಗೆ ಇದರಿಂದ ನೆಮ್ಮದಿ ದೊರೆತರೆ ಯಾವ ವಿಶ್ವಾಸಿಯೂ ಅದನ್ನು ವಿರೋಧಿಸಲಾರನು. ಆದರೆ ಅವೇ ದೇಶಗಳಲ್ಲಿ ಹಿಂಸೆಗೆ ಗುರಿಯಾದ ಅಹ್ಮದಿಯರು, ಹಜಾರಾ ಜನರು ಆ ಪಟ್ಟಿಯಲ್ಲಿಲ್ಲ. ನಮ್ಮ ಹೆಸರು ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ನಾವು ಸುಮ್ಮನಿದ್ದರೆ, ಸಂಖ್ಯಾಕಾಂಡದ ಎರಡನೆಯ ನಿಯಮವನ್ನು ಬಿಟ್ಟುಕೊಟ್ಟಂತೆಯೇ ಸರಿ. ಐದನೆಯ ಶತಮಾನದ ಕ್ರೈಸ್ತರೂ ತಮ್ಮವರಿಗೆ ಬಾಗಿಲು ತೆರೆದಿರುವುದನ್ನು ಕಂಡು, ಯೆಹೂದ್ಯನಿಗೂ ಗುಲಾಮನಿಗೂ ಮುಚ್ಚಿದ್ದನ್ನು ಕಾಣದೆ ಹೋದರು. ಕೊಳ್ಳೆಹೊಡೆಯಲ್ಪಟ್ಟು ದಾರಿಯಲ್ಲಿ ಬಿದ್ದವನ ಧರ್ಮ ಯಾವುದೆಂದು ಸಮಾರಿಯದವನು ವಿಚಾರಿಸಿದನೆಂದು ಶುಭಸಂದೇಶ ಹೇಳುವುದಿಲ್ಲ.

ಹಾಗಾದರೆ ಯಾಜಕರೂ ಗುರುಅಭ್ಯರ್ಥಿಗಳೂ ಮಾಡಬೇಕಾದುದೇನು? ದೇವಾಲಯದ ಬಾಗಿಲಿಗಿದ್ದ ಹಕ್ಕು ನಮ್ಮ ಕೈಯಲ್ಲಿ ಉಳಿದಿಲ್ಲ. ಅದನ್ನು ಮರಳಿ ಪಡೆಯುವುದೂ ನಮ್ಮ ಗುರಿಯಲ್ಲ. ಆ ಬಾಗಿಲಿನಿಂದ ಕಲಿತದ್ದನ್ನು ದೇಶದ ಮುಂದಿಡುವ ಹೊಣೆ ಮಾತ್ರ ಉಳಿದಿದೆ. ಯಾವುದೇ ನಿರಾಶ್ರಿತರ ನೀತಿಯ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಲು ನಮ್ಮ ಧರ್ಮಕೇಂದ್ರಗಳ ಜನರನ್ನು ಸಿದ್ಧಗೊಳಿಸೋಣ. ಬಂದವನ ಮಾತನ್ನು ಕೇಳುವ ಮುನ್ನವೇ ಅವನನ್ನು ಹೊರಗಟ್ಟಲಾಗುತ್ತಿದೆಯೇ? ಒಂದೇ ಆಪತ್ತಿನಲ್ಲಿರುವ ಇಬ್ಬರಿಗೆ ಎರಡು ನಿಯಮಗಳಿವೆಯೇ? ಪ್ರಾಣಾಪಾಯವಿರುವ ಕೈಗೆ ಯಾರನ್ನಾದರೂ ಮರಳಿ ಒಪ್ಪಿಸಲಾಗುತ್ತಿದೆಯೇ? ಸೆಮಿನರಿಗಳ ನೀತಿಶಾಸ್ತ್ರ ಮತ್ತು ಧರ್ಮಸಭಾ ಕಾನೂನಿನ ತರಗತಿಗಳಲ್ಲಿ ಆಶ್ರಯದ ಇತಿಹಾಸಕ್ಕೆ ಸ್ಥಾನ ಸಿಗಲಿ. ನಿರಾಶ್ರಿತರಿಗೆ ಅಕ್ಕಿ ಬಟ್ಟೆ ಹಂಚುವ ನಮ್ಮ ಸಮಾಜಸೇವಾ ಸಂಸ್ಥೆಗಳು, ಅವರ ದಾಖಲೆಪತ್ರಗಳನ್ನು ಸಿದ್ಧಪಡಿಸಿಕೊಡುವ ವಕೀಲರ ನೆರವನ್ನೂ ತಮ್ಮ ಸೇವೆಯ ಭಾಗವೆಂದು ಭಾವಿಸಲಿ. ಮುಖ್ಯವಾಗಿ, ಭಾರತಕ್ಕೆ ಸಮಾನವಾಗಿ ಅನ್ವಯಿಸುವ ನಿರಾಶ್ರಿತರ ಕಾನೂನೊಂದು ಬೇಕೆಂಬ ಬೇಡಿಕೆಯು ಧರ್ಮಸಭೆಯ ಕಡೆಯಿಂದಲೂ, ತನ್ನವರಿಗಾಗಿ ಮಾತ್ರವಲ್ಲದೆ ಎಲ್ಲರಿಗಾಗಿಯೂ, ಕೇಳಿಬರಲಿ.